ಕಟಕಟೆಯಲ್ಲಿಲ್ಲದವನ ಪಾಪ

"ಮಾಡಿದ್ದುಣ್ಣೋ ಮಹಾರಾಯ" ಎಂಬುದು ನಮ್ಮ ನಾಡಿನ ಹಳೆಯ ಗಾದೆ. ದಂಡಶಾಸ್ತ್ರದ ತಳಹದಿಯೂ ಇದೇ ಆಗಿದೆ. ತಂದೆಯ ಅಪರಾಧಕ್ಕೆ ಮಗನನ್ನೂ, ಒಬ್ಬನ ದುಷ್ಕೃತ್ಯಕ್ಕೆ ಅವನ ನೆರೆಯವನನ್ನೂ ದಂಡಿಸುವ ರಾಜ್ಯವನ್ನು ಧರ್ಮರಾಜ್ಯವೆಂದು ಯಾರೂ ಕರೆಯಲಾರರು. ಹೀಗಿದ್ದರೂ ನಮ್ಮ ನ್ಯಾಯಾಲಯಗಳಲ್ಲಿ ಒಬ್ಬನು ಮಾಡಿದ ಕೃತ್ಯಕ್ಕೆ ಮತ್ತೊಬ್ಬನು ಉತ್ತರ ಹೇಳಬೇಕಾದ ಪ್ರಸಂಗಗಳು ನಿತ್ಯವೂ ಬರುತ್ತಿರುತ್ತವೆ. ಅಷ್ಟೇ ಅಲ್ಲ, ಆ ಕೃತ್ಯವನ್ನು ಕೈಯಾರೆ ಮಾಡಿದವನು ಎಷ್ಟೋ ಸಲ ಕಟಕಟೆಯಲ್ಲಿ ನಿಂತೇ ಇರುವುದಿಲ್ಲ. ಅವನು ತಲೆಮರೆಸಿಕೊಂಡಿರಬಹುದು, ಸತ್ತಿರಬಹುದು, ಯಾರೆಂಬುದೇ ಪತ್ತೆಯಾಗದೆ ಹೋಗಿರಬಹುದು, ಇಲ್ಲವೆ ಕ್ಷಮೆಯನ್ನು ಪಡೆದು, ನಿನ್ನೆಯ ಜೊತೆಗಾರನ ಮೇಲೆ ಇಂದು ಸಾಕ್ಷಿ ನುಡಿಯಲು ಬಂದು ನಿಂತಿರಬಹುದು. ದೋಷಾರೋಪಪಟ್ಟಿಯಲ್ಲಿ ಹೆಸರಿಲ್ಲದ ಇಂಥ ಸಹಾಪರಾಧಿಯ ಪಾಪವನ್ನು ಸಿಕ್ಕಿಬಿದ್ದವನ ತಲೆಗೆ ಎಷ್ಟರ ಮಟ್ಟಿಗೆ ಕಟ್ಟಬಹುದು? ಈ ವಾರ ನಾವು ವಿಚಾರಕ್ಕೆ ತೆಗೆದುಕೊಂಡಿರುವ ಪ್ರಶ್ನೆಯು ಇದು.

ಈ ವಿಷಯವು ವಕೀಲರ ಕೋಣೆಗೆ ಮಾತ್ರ ಸೇರಿದುದೆಂದು ವಾಚಕರು ಭಾವಿಸಬಾರದು. ಊರಿನಲ್ಲಿ ಒಂದು ಕೊಲೆಯೋ ದರೋಡೆಯೋ ನಡೆದೊಡನೆ ಎರಡು ಬಗೆಯ ಮಾತುಗಳು ಕೇಳಬರುತ್ತವೆ. "ಹೊಡೆದವನು ಸಿಕ್ಕಲೇ ಇಲ್ಲ, ಜೊತೆಗೆ ನಿಂತವನಿಗೆ ಶಿಕ್ಷೆ ಯಾವ ನ್ಯಾಯ?" ಎಂದು ಕೆಲವರು ಕೇಳುತ್ತಾರೆ. "ಜೊತೆಗಿದ್ದನಲ್ಲವೇ, ಅವನೂ ಕಳ್ಳನೇ, ಇನ್ನೇನು ವಿಚಾರಣೆ?" ಎಂದು ಮತ್ತೆ ಕೆಲವರು ತೀರ್ಪು ಕೊಟ್ಟುಬಿಡುತ್ತಾರೆ. ಮೊದಲನೆಯ ಮಾತಿನಲ್ಲಿ ಕರುಣೆಯಿದೆ, ವಿವೇಕವಿಲ್ಲ. ಎರಡನೆಯದರಲ್ಲಿ ರೋಷವಿದೆ, ನ್ಯಾಯವಿಲ್ಲ. ಕಾಯಿದೆಯು ಈ ಎರಡರ ನಡುವೆ ಒಂದು ಇಕ್ಕಟ್ಟಾದ ದಾರಿಯನ್ನು ಹಿಡಿದಿದೆ. ಆ ದಾರಿಯ ಗುರುತು ಜನರಿಗೆ ತಿಳಿಯದಿದ್ದರೆ, ಅದನ್ನು ಅಧಿಕಾರಿಗಳು ತಮಗೆ ಬೇಕಾದಂತೆ ಅಗಲಿಸಿಕೊಳ್ಳುವರೆಂಬ ಭಯವುಂಟು.

ಮೊದಲು ಒಂದು ಪ್ರಸಿದ್ಧ ಖಟ್ಲೆಯನ್ನು ನೋಡೋಣ. ೧೯೨೩ನೆಯ ಇಸವಿಯ ಆಗಸ್ಟ್ ೩ನೆಯ ತಾರೀಖಿನಂದು ಕಲಕತ್ತೆಯ ಶಂಕರೀತೋಲಾ ಅಂಚೆಯ ಕಚೇರಿಯಲ್ಲಿ ಪೋಸ್ಟ್ ಮಾಸ್ತರನು ಹಣವನ್ನು ಎಣಿಸುತ್ತ ಕುಳಿತಿದ್ದನು. ಕೆಲವರು ಬಾಗಿಲಿಗೆ ಬಂದು ಹಣ ಕೇಳಿದರು. ಒಡನೆಯೇ ಪಿಸ್ತೂಲುಗಳಿಂದ ಗುಂಡು ಹಾರಿಸಿದರು. ಮಾಸ್ತರನು ಸತ್ತನು, ಬಂದವರು ಹಣವನ್ನು ಮುಟ್ಟದೆ ಓಡಿದರು. ಬೆನ್ನಟ್ಟಿದವರ ಕೈಗೆ ಸಿಕ್ಕವನು ಬರೇಂದ್ರಕುಮಾರ ಘೋಷನೆಂಬೊಬ್ಬನೇ. ಅವನ ಕೈಯಲ್ಲಿ ಪಿಸ್ತೂಲೂ ಇದ್ದಿತು. ಉಳಿದವರು ತಪ್ಪಿಸಿಕೊಂಡರು. ವಿಚಾರಣೆಯಲ್ಲಿ ಅವನು ಹೇಳಿದುದಿಷ್ಟು: "ನಾನು ಅಂಗಳದಲ್ಲಿ ನಿಂತಿದ್ದೆನೇ ಹೊರತು ಒಳಗೆ ಹೋಗಲಿಲ್ಲ; ಗುಂಡು ಹಾರಿಸಲೂ ಇಲ್ಲ." ಅದಕ್ಕೆ ನ್ಯಾಯಾಧೀಶರು ಜ್ಯೂರಿಯವರಿಗೆ, ಯಾರ ಗುಂಡು ತಗಲಿ ಮಾಸ್ತರನು ಸತ್ತನೆಂಬುದು ನಿಶ್ಚಯವಾಗದಿದ್ದರೂ, ಎಲ್ಲರ ಸಮಾನ ಆಶಯವನ್ನು ನೆರವೇರಿಸುವುದಕ್ಕಾಗಿ ಆ ಗುಂಡು ಹಾರಿತೆಂದು ನೀವು ನಂಬಿದರೆ ಇವನೂ ಅಪರಾಧಿಯೇ ಎಂದು ತಿಳಿಸಿದರು. ಜ್ಯೂರಿಯವರು ಅಪರಾಧಿಯೆಂದರು. ಕೊನೆಗೆ ಪ್ರಕರಣವು ಪ್ರಿವೀ ಕೌನ್ಸಿಲಿನವರೆಗೂ ಹೋಯಿತು. ೧೯೨೪ರಲ್ಲಿ ಲಾರ್ಡ್ ಸಮ್ನರ್ ಅವರು ಕೊಟ್ಟ ನಿರ್ಣಯವು ಅಪೀಲನ್ನು ತಳ್ಳಿಹಾಕಿತು.

ಈ ನಿರ್ಣಯಕ್ಕೆ ಆಧಾರವಾದುದು ದಂಡಸಂಹಿತೆಯ ೩೪ನೆಯ ಕಲಮು. ಹಲವರು ಸೇರಿ ತಮ್ಮೆಲ್ಲರ ಸಮಾನ ಆಶಯವನ್ನು ನೆರವೇರಿಸುವುದಕ್ಕಾಗಿ ಒಂದು ಅಪರಾಧಕೃತ್ಯವನ್ನು ಮಾಡಿದರೆ, ಪ್ರತಿಯೊಬ್ಬನೂ ತಾನೊಬ್ಬನೇ ಅದನ್ನು ಮಾಡಿದ್ದರೆ ಹೇಗೋ ಹಾಗೆಯೇ ಹೊಣೆಗಾರನೆಂದು ಅದು ಹೇಳುತ್ತದೆ. ೧೮೬೦ರ ಮೂಲ ಕಾಯಿದೆಯಲ್ಲಿ 'ಸಮಾನ ಆಶಯ'ವೆಂಬ ಮಾತೇ ಇರಲಿಲ್ಲ. ೧೮೭೦ರಲ್ಲಿ ಅದನ್ನು ಸೇರಿಸಲಾಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ತತ್ತ್ವವು ೩ನೆಯ ಕಲಮಿನ ೫ನೆಯ ಉಪಕಲಮಾಗಿ ಕುಳಿತಿದೆ. ಇದರಲ್ಲಿ ಅನ್ಯಾಯವೇನೂ ಇಲ್ಲವೆಂದೇ ನಮ್ಮ ಅಭಿಪ್ರಾಯ. ನಾಲ್ವರು ಕೂಡಿ ಒಂದು ಮನೆಗೆ ಕನ್ನ ಹಾಕುವಾಗ ಒಬ್ಬನು ಗೋಡೆ ಕೊರೆಯುತ್ತಾನೆ, ಒಬ್ಬನು ಒಳನುಗ್ಗುತ್ತಾನೆ, ಒಬ್ಬನು ಗಂಟು ಹೊರುತ್ತಾನೆ, ಒಬ್ಬನು ಬೀದಿಯ ಕೊನೆಯಲ್ಲಿ ಕಾವಲು ನಿಲ್ಲುತ್ತಾನೆ. ಕಾವಲುಗಾರನ ಧೈರ್ಯವಿಲ್ಲದೆ ಒಳಗಿದ್ದವನ ಕೈ ಓಡದು. ಹೀಗಿರಲು, ಒಳಗಿದ್ದವನು ಓಡಿಹೋದನೆಂಬ ಒಂದೇ ಕಾರಣದಿಂದ ಕಾವಲುಗಾರನನ್ನು ಬಿಟ್ಟುಬಿಡುವುದಾದರೆ, ಓಟದಲ್ಲಿ ಗಟ್ಟಿಗನಾದ ಕಳ್ಳನು ತನ್ನ ಕಾಲಿನಿಂದಲೇ ತನ್ನ ಜೊತೆಗಾರರೆಲ್ಲರಿಗೂ ಬಿಡುಗಡೆಯನ್ನು ದೊರಕಿಸಿಕೊಟ್ಟಂತಾಗುವುದು.

ಆದರೆ ಇದೇ ಪ್ರಿವೀ ಕೌನ್ಸಿಲು ಇಪ್ಪತ್ತು ವರ್ಷಗಳ ಮೇಲೆ ಕೊಟ್ಟ ಇನ್ನೊಂದು ನಿರ್ಣಯವನ್ನು ಇದರ ಮಗ್ಗುಲಿಗಿಟ್ಟು ನೋಡಬೇಕು. ೧೯೪೩ರ ಆಗಸ್ಟಿನಲ್ಲಿ ಸಿಂಧೂ ನದಿಯ ದಡದಲ್ಲಿ ಅಲ್ಲಾದಾದ್, ಹಮೀದುಲ್ಲಾ ಮೊದಲಾದವರು ದೋಣಿಯಲ್ಲಿ ಹೋಗಿ ಜೊಂಡನ್ನು ಕೊಯ್ದು ತರುತ್ತಿದ್ದರು. ಆ ಜೊಂಡು ಬೆಳೆದ ನೆಲವು ತಮ್ಮವರದೆಂದು ಒಬ್ಬ ತರುಣನು ಅಡ್ಡಗಟ್ಟಿದನು. ಕೈ ಕೈ ಹತ್ತಿ, ಅಲ್ಲಾದಾದನು ದೋಣಿಯ ಗಳುವಿನಿಂದ ಅವನನ್ನು ಹೊಡೆದನು. ಅವನು ಕೂಗಿಕೊಂಡೊಡನೆ ವಲೀ ಶಾಹ, ಮಹಬೂಬ್ ಶಾಹರೆಂಬ ಇಬ್ಬರು ಬಂದೂಕು ಹಿಡಿದು ಓಡಿ ಬಂದರು. ವಲೀ ಶಾಹನ ಗುಂಡಿನಿಂದ ಅಲ್ಲಾದಾದನು ಸತ್ತನು. ಮಹಬೂಬ್ ಶಾಹನ ಗುಂಡಿನಿಂದ ಹಮೀದುಲ್ಲಾನು ಗಾಯಗೊಂಡನು. ಕೊಂದ ವಲೀ ಶಾಹನು ತಲೆಮರೆಸಿಕೊಂಡನು. ಕೈಗೆ ಸಿಕ್ಕ ಮಹಬೂಬ್ ಶಾಹನಿಗೆ ಅಲ್ಲಾದಾದನ ಕೊಲೆಗಾಗಿ ಮರಣದಂಡನೆಯಾಯಿತು. ೧೯೪೫ರಲ್ಲಿ ಪ್ರಿವೀ ಕೌನ್ಸಿಲಿನ ಪರವಾಗಿ ಸರ್ ಮಾಧವನ್ ನಾಯರ್ ಅವರು ಆ ಶಿಕ್ಷೆಯನ್ನು ರದ್ದುಪಡಿಸಿದರು. ಇಬ್ಬರ ಮನಸ್ಸಿನಲ್ಲಿಯೂ ಒಂದೇ ತರದ ಆಶಯವಿದ್ದರೆ ಸಾಲದು, ಅದು ಇಬ್ಬರೂ ಮೊದಲೇ ಒಡಗೂಡಿ ಹಂಚಿಕೊಂಡ ಆಶಯವಾಗಿರಬೇಕು. ಇಲ್ಲಿ ಸಮಾನವಾದುದು ಏನಾದರೂ ಇದ್ದಿತೆಂದರೆ ತಮ್ಮವನನ್ನು ಬಿಡಿಸಿಕೊಳ್ಳಬೇಕೆಂಬುದಷ್ಟೇ, ಕೊಲ್ಲಬೇಕೆಂಬ ಸಂಕೇತವು ಇಬ್ಬರ ನಡುವೆ ನಡೆದುದಕ್ಕೆ ಪುರಾವೆಯಿಲ್ಲವೆಂದು ಅವರು ಕಾರಣ ಕೊಟ್ಟರು.

ಈ ಎರಡು ಪ್ರಕರಣಗಳನ್ನೂ ವಾಚಕರು ಜೊತೆಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ನಾವು ಕೋರುತ್ತೇವೆ. ಎರಡರಲ್ಲಿಯೂ ಕಟಕಟೆಗೆ ಬಂದವನ ಕೈಯಲ್ಲಿ ಆಯುಧವಿದ್ದಿತು. ಎರಡರಲ್ಲಿಯೂ ಬೇರೆಯವರು ತಪ್ಪಿಸಿಕೊಂಡಿದ್ದರು. ಅಂಗಳದಲ್ಲಿ ನಿಂತೆನೆಂದವನ ಮೇಲೆ ಕೊಲೆಯ ಹೊಣೆ ನಿಂತಿತು. ತಾನೇ ಗುಂಡು ಹಾರಿಸಿದವನ ಮೇಲೆ ನಿಲ್ಲಲಿಲ್ಲ. ಮೇಲುನೋಟಕ್ಕೆ ಇದು ವಿಪರೀತವಾಗಿ ಕಾಣುತ್ತದೆ. ಆದರೆ ಒಳಹೊಕ್ಕು ನೋಡಿದರೆ ಎರಡರ ತತ್ತ್ವವೂ ಒಂದೇ. ಗೈರುಹಾಜರಾದವನ ಕೃತ್ಯವು ಹಾಜರಿರುವವನ ಲೆಕ್ಕಕ್ಕೆ ಸೇರುವುದು ಸ್ನೇಹದಿಂದಲ್ಲ, ನೆಂಟಸ್ತನದಿಂದಲ್ಲ, ಅದೇ ಜಾಗದಲ್ಲಿ ಇದ್ದುದರಿಂದಲೂ ಅಲ್ಲ. ಇಬ್ಬರ ಮನಸ್ಸುಗಳನ್ನೂ ಕಟ್ಟಿದ ಒಂದು ಸಂಕಲ್ಪದಿಂದ. ಆ ಗಂಟು ಸಾಕ್ಷ್ಯದಿಂದ ಸಿದ್ಧವಾದರೆ ಹೊಣೆಯುಂಟು. ಸಿದ್ಧವಾಗದಿದ್ದರೆ ಅವನವನ ಕೃತ್ಯಕ್ಕೆ ಅವನವನೇ ಬಾಧ್ಯನು.

ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯವೂ ಈ ಗಂಟನ್ನು ಸಡಿಲಿಸಲಿಲ್ಲ. ಮುಂಬಯಿ ಸರ್ಕಾರದ ವಿರುದ್ಧ ತೋಪನದಾಸನ ಪ್ರಕರಣದಲ್ಲಿ, ೧೯೫೫ರಲ್ಲಿ, ಒಳಸಂಚಿನಲ್ಲಿ ಭಾಗಿಗಳೆಂದು ಹೆಸರಿಸಲ್ಪಟ್ಟ ಉಳಿದವರೆಲ್ಲರೂ ನಿರ್ದೋಷಿಗಳಾದ ಮೇಲೆ ಒಬ್ಬನೇ ಉಳಿದರೆ, ಒಬ್ಬನು ತನ್ನೊಡನೆ ತಾನೇ ಸಂಚು ನಡೆಸಲಾರನೆಂದು ಹೇಳಿತು. ೧೯೬೩ರಲ್ಲಿ ಕೃಷ್ಣ ಗೋವಿಂದ ಪಾಟೀಲನ ಪ್ರಕರಣದಲ್ಲಿ ಆರೋಪಿಗಳು ನಾಲ್ವರು. ಮೂವರನ್ನು ಸಂಶಯದ ಲಾಭ ಕೊಟ್ಟು ಬಿಟ್ಟ ಉಚ್ಚ ನ್ಯಾಯಾಲಯವು, ನಾಲ್ಕನೆಯವನು ಬೇರೆ ಯಾರೊಡನೆಯೋ ಕೂಡಿ ಕೊಲೆ ಮಾಡಿದನೆಂದು ಶಿಕ್ಷೆ ವಿಧಿಸಿತ್ತು. ಆ ಬೇರೆ ಯಾರೋ ಎಂಬುವರು ಆರೋಪಪಟ್ಟಿಯಲ್ಲಿಯೂ ಇರಲಿಲ್ಲ, ಸಾಕ್ಷ್ಯದಲ್ಲಿಯೂ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ತೆಗೆದುಹಾಕಿತು. ಹೆಸರಿಲ್ಲದವರು ಇದ್ದರೆಂದು ಸಾಕ್ಷ್ಯವೇ ಹೇಳುತ್ತಿದ್ದರೆ ಮಾತು ಬೇರೆ. ಶಂಕರೀತೋಲಾದಲ್ಲಿ ಅವರು ಇದ್ದರೆಂಬುದರಲ್ಲಿ ಸಂಶಯವಿರಲಿಲ್ಲ. ಆದರೆ ಖಟ್ಲೆಯನ್ನು ಉಳಿಸಿಕೊಳ್ಳುವುದಕ್ಕಾಗಿ ತೀರ್ಪಿನಲ್ಲಿ ಹೊಸಬರನ್ನು ಸೃಷ್ಟಿಸುವಂತಿಲ್ಲ. ಗೈರುಹಾಜರಾದವನು ಪತ್ತೆಯಾಗದೆ ಇರಬಹುದು, ಇಲ್ಲದವನಾಗಿರಕೂಡದು.

ಈಗ ಕ್ಷಮೆ ಪಡೆದವನ ಮಾತಿಗೆ ಬರೋಣ. ಓಡಿಹೋದವನಿಗಿಂತಲೂ ಇವನು ಹೆಚ್ಚಿನ ತೊಡಕಿನವನು. ಒರಿಸ್ಸಾದ ಸಂಬಲಪುರದಲ್ಲಿ ಆಹಾರೋತ್ಪಾದನೆಯ ಜಿಲ್ಲಾ ಅಧಿಕಾರಿಯಾಗಿದ್ದ ಬಿಂಬಾಧರ ಪ್ರಧಾನನ ಮೇಲೆ, ರೈತರಿಗೆ ಹಂಚಬೇಕಾದ ಎಣ್ಣೆಹಿಂಡಿಯ ವಿಷಯದಲ್ಲಿ ನಂಬಿಕೆದ್ರೋಹಕ್ಕೆ ಸಂಚು ನಡೆಸಿದನೆಂಬ ಆರೋಪ ಬಂದಿತು. ಜೊತೆಯ ಆರೋಪಿಗಳೆಲ್ಲರೂ ಬಿಡುಗಡೆ ಹೊಂದಿದರು. ಒಬ್ಬನು ಮಾಫೀಸಾಕ್ಷಿಯಾಗಿದ್ದನು. "ನಾನೊಬ್ಬನೇ ಉಳಿದೆನಲ್ಲ, ಸಂಚು ಯಾರೊಡನೆ?" ಎಂದು ಅಧಿಕಾರಿಯು ಕೇಳಿದನು. ೧೯೫೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಉತ್ತರವು ಸ್ಪಷ್ಟವಾಗಿದೆ: ಇಬ್ಬರಿಗೆ ಶಿಕ್ಷೆಯಾಗಬೇಕೆಂಬ ನಿಯಮವಿಲ್ಲ, ಇಬ್ಬರು ಸೇರಿದ್ದರೆಂಬುದು ಸಿದ್ಧವಾದರೆ ಸಾಕು, ಮಾಫೀಸಾಕ್ಷಿಯು ಆರೋಪಿಯಲ್ಲದಿದ್ದರೂ ಸಂಚಿನಲ್ಲಿದ್ದವನೇ. ಕ್ಷಮೆಯು ಅವನ ಶಿಕ್ಷೆಯನ್ನು ಅಳಿಸಿತೇ ಹೊರತು ಅವನು ಮಾಡಿದುದನ್ನು ಅಳಿಸಲಿಲ್ಲ.

ತರ್ಕವು ಸರಿಯಾಗಿಯೇ ಇದೆ. ಆದರೆ ತರ್ಕವು ಸರಿಯಾಗಿದ್ದ ಮಾತ್ರಕ್ಕೆ ಅದನ್ನು ಬಳಸುವ ಕೈ ಸರಿಯಾಗಿರುವುದಿಲ್ಲ. ಇದಕ್ಕೆ ನಮ್ಮ ದೇಶದ ಇತಿಹಾಸದಲ್ಲಿ ಮರೆಯಲಾಗದ ಉದಾಹರಣೆಯಿದೆ. ೧೯೨೮ರ ದಶಂಬರ ೧೭ರಂದು ಲಾಹೋರಿನಲ್ಲಿ ಸ್ಯಾಂಡರ್ಸ್ ಎಂಬ ಪೊಲೀಸ್ ಅಧಿಕಾರಿಯು ಗುಂಡಿಗೆ ಬಲಿಯಾದನು. ಬೆನ್ನಟ್ಟಿ ಬಂದ ಚನನಸಿಂಗನೆಂಬ ಪೊಲೀಸನನ್ನು ಚಂದ್ರಶೇಖರ ಆಜಾದರು ಹೊಡೆದರು. ಆಜಾದರು ಎಂದೂ ಸೆರೆ ಸಿಕ್ಕಲಿಲ್ಲ. ೧೯೩೧ರ ಫೆಬ್ರವರಿ ೨೭ರಂದು ಅಲಹಾಬಾದಿನ ಉದ್ಯಾನದಲ್ಲಿ ಹೋರಾಡುತ್ತ ಮಡಿದರು. ಆ ದಿನ ಅಧಿಕಾರಿಯ ಗುರುತು ತೋರಿಸುವ ಕೆಲಸಕ್ಕೆ ನಿಂತಿದ್ದ ಜಯಗೋಪಾಲನು ಕ್ಷಮೆ ಪಡೆದು ಸಾಕ್ಷಿ ನುಡಿದನು. ಹೀಗೆ ಒಬ್ಬ ಹೊಡೆದವನು ಹೊರಗೆ, ಒಬ್ಬ ಗುರುತು ತೋರಿದವನು ಸಾಕ್ಷಿಯ ಕಟ್ಟೆಯಲ್ಲಿ. ಉಳಿದವರ ಮೇಲೆ ಎಲ್ಲದರ ಭಾರ. ಗುಂಡು ಹಾರಿಸಿದವರಲ್ಲಿ ಸೇರದ ಸುಖದೇವರಿಗೂ ಭಗತಸಿಂಗ, ರಾಜಗುರುಗಳೊಡನೆ ೧೯೩೧ರ ಮಾರ್ಚ್ ೨೩ರಂದು ನೇಣಾಯಿತು.

ಸುಖದೇವರು ಸಂಚಿನಲ್ಲಿ ಇರಲಿಲ್ಲವೆಂದು ನಾವು ವಾದಿಸುವುದಿಲ್ಲ. ಹಾಗೆ ವಾದಿಸುವುದು ಆ ವೀರನಿಗೇ ಅವಮಾನ. ನಮ್ಮ ಆಕ್ಷೇಪಣೆಯು ರೀತಿಯ ಮೇಲೆ. ೧೯೩೦ರ ಮೇ ೧ರ ವಿಶೇಷಾಜ್ಞೆಯಿಂದ ವೈಸರಾಯರು ಮೂವರು ನ್ಯಾಯಾಧೀಶರ ಟ್ರಿಬ್ಯುನಲ್ಲನ್ನು ನೇಮಿಸಿದರು. ಹೈಕೋರ್ಟಿಗೆ ಅಪೀಲು ಇಲ್ಲದಂತೆ ಮಾಡಿದರು. ಆರೋಪಿಗಳು ಕೋರ್ಟಿನಲ್ಲಿಲ್ಲದಾಗಲೂ ವಿಚಾರಣೆ ನಡೆಯಬಹುದೆಂದರು. ಮಾಫೀಸಾಕ್ಷಿಗಳ ಮಾತನ್ನು ಎದುರಿಸಿ ಪಾಟೀಸವಾಲು ಮಾಡಬೇಕಾದವರೇ ಅಲ್ಲಿರದಾಗ, ಆ ಮಾತನ್ನು ಒರೆಗೆ ಹಚ್ಚುವವರು ಯಾರು? ಇಲ್ಲದವರ ಕೃತ್ಯವನ್ನು ಇದ್ದವರ ಮೇಲೆ ಹೊರಿಸುವ ತತ್ತ್ವವು ಎಷ್ಟು ಬಲವಾದುದೋ, ಅದನ್ನು ಅನುಸರಿಸುವ ವಿಚಾರಣೆಯು ಅಷ್ಟೇ ನಿರ್ದುಷ್ಟವಾಗಿರಬೇಕು. ಅಲ್ಲಿ ಹಾಗಿರಲಿಲ್ಲ.

ಪ್ರಿಯರಾದವರಿಗೊಂದು ನ್ಯಾಯ, ಅಪ್ರಿಯರಾದವರಿಗೊಂದು ನ್ಯಾಯವೆಂದು ನಾವು ಹೇಳಕೂಡದು. ೧೯೪೮ರ ಜನವರಿ ೩೦ರಂದು ಮಹಾತ್ಮರ ಎದೆಗೆ ಗುಂಡು ಹಾರಿಸಿದ ಕೈ ನಾಥೂರಾಮ ಗೋಡ್ಸೆಯದೊಂದೇ. ನಾರಾಯಣ ಆಪಟೆಯು ಪಿಸ್ತೂಲು ಹಾರಿಸಲಿಲ್ಲ. ಆದರೂ ಸಂಚಿನ ಭಾಗಿಯೆಂದು ೧೯೪೯ರ ನವೆಂಬರ ೧೫ರಂದು ಅಂಬಾಲದಲ್ಲಿ ಇಬ್ಬರಿಗೂ ನೇಣಾಯಿತು. ಮೂವರು ಆರೋಪಿಗಳು ತಲೆಮರೆಸಿಕೊಂಡಿದ್ದರು. ದಿಗಂಬರ ಬಡಗೆಯು ಮಾಫೀಸಾಕ್ಷಿಯಾಗಿದ್ದನು. ದೇಶವೆಲ್ಲ ದುಃಖದಿಂದಲೂ ರೋಷದಿಂದಲೂ ಕುದಿಯುತ್ತಿದ್ದ ಆ ಕಾಲದಲ್ಲಿಯೂ ನ್ಯಾಯಾಧೀಶ ಆತ್ಮಾಚರಣರು, ಬಡಗೆಯ ಮಾತಿಗೆ ಬೇರೆ ಪುಷ್ಟಿ ದೊರೆಯದೆಡೆಯಲ್ಲಿ ಅದನ್ನೊಂದನ್ನೇ ನಂಬಿ ಶಿಕ್ಷೆ ವಿಧಿಸುವುದು ಕ್ಷೇಮವಲ್ಲವೆಂದು ಬಗೆದು ಸಾವರಕರರನ್ನು ಬಿಡುಗಡೆ ಮಾಡಿದರು. ಆ ಬಿಡುಗಡೆಯನ್ನು ಇಂದಿಗೂ ಒಪ್ಪದವರುಂಟು. ಅದು ಹೇಗೇ ಇರಲಿ. ರೋಷದ ದಿನದಲ್ಲಿಯೂ ಮಾಫೀಸಾಕ್ಷಿಯ ಮಾತಿಗೆ ಪುಷ್ಟಿಯನ್ನು ಕೇಳಿದ ನಿಯಮವು ದೊಡ್ಡದು. ಲಾಹೋರಿನ ರೀತಿಗೂ ದಿಲ್ಲಿಯ ರೀತಿಗೂ ಇರುವ ಅಂತರವನ್ನು ನಾವು ಕಾಪಾಡಿಕೊಳ್ಳಬೇಕಾದುದು ಇದಕ್ಕಾಗಿ.

ನಮ್ಮ ಕನ್ನಡನಾಡಿನ ಹಳ್ಳಿಗಳಿಗೆ ಈ ಪ್ರಶ್ನೆಯು ಬರುವುದು ಹೆಚ್ಚಾಗಿ ಗುಂಪಿನ ರೂಪದಲ್ಲಿ. ಐವರು ಅಥವಾ ಹೆಚ್ಚು ಜನರ ಕಾನೂನುಬಾಹಿರ ಕೂಟದಲ್ಲಿ ಒಬ್ಬನು ಕೂಟದ ಸಮಾನ ಉದ್ದೇಶಕ್ಕಾಗಿ ಮಾಡಿದ ಅಪರಾಧವು ಎಲ್ಲರಿಗೂ ತಗಲುವುದೆಂಬ ೧೪೯ನೆಯ ಕಲಮು, ಹೊಸ ಸಂಹಿತೆಯಲ್ಲಿ ೧೯೦ನೆಯದಾಗಿದೆ. ಶಿವಮೊಗ್ಗ ಜಿಲ್ಲೆಯ ಈಸೂರನ್ನು ಕನ್ನಡಿಗರು ಮರೆತಿಲ್ಲ. ೧೯೪೨ರ ಸೆಪ್ಟೆಂಬರಿನಲ್ಲಿ ಅಲ್ಲಿ ಕೆರಳಿದ ಗುಂಪಿನ ನಡುವೆ ಅಮಲ್ದಾರರೂ ಪೊಲೀಸ್ ಸಬ್ ಇನ್ಸ್‌ಪೆಕ್ಟರರೂ ಹತರಾದರು. ೧೯೪೩ರ ಮಾರ್ಚಿನಲ್ಲಿ ಆ ಊರಿನ ಐವರನ್ನು ನೇಣಿಗೇರಿಸಲಾಯಿತು. ಒಂದು ಊರು ಊರೇ ಎದ್ದು ನಿಂತಾಗ ಯಾರ ಏಟು ಯಾರದೆಂದು ಬೇರ್ಪಡಿಸುವುದು ಎಷ್ಟು ಕಷ್ಟವೆಂಬುದನ್ನು ಗುಂಪನ್ನು ಕಂಡವರೆಲ್ಲ ಬಲ್ಲರು. ಈ ಕಷ್ಟವನ್ನು ಅರಿತೇ ಸರ್ವೋಚ್ಚ ನ್ಯಾಯಾಲಯವು ೧೯೬೪ರಲ್ಲಿ ಮಸಲ್ತಿಯ ಪ್ರಕರಣದಲ್ಲಿ, ದೊಡ್ಡ ಗುಂಪಿನ ಅಪರಾಧದಲ್ಲಿ ಒಬ್ಬೊಬ್ಬ ಆರೋಪಿಯ ಮೇಲೆಯೂ ಇಬ್ಬರೋ ಮೂವರೋ ಅಥವಾ ಹೆಚ್ಚು ಸಾಕ್ಷಿಗಳು ಒಂದೇ ರೀತಿಯಾಗಿ ಹೇಳಬೇಕೆಂಬ ಎಚ್ಚರಿಕೆಯ ಅಳತೆಯನ್ನು ಮೆಚ್ಚಿಕೊಂಡಿತು.

ಆದರೆ ನಮ್ಮ ಕಡೆಯ ಚಾಳಿ ಏನು? ಹೊಲದ ಬದುವಿನ ಜಗಳದಲ್ಲಿ ಒಬ್ಬನ ತಲೆ ಒಡೆದರೆ, ಎದುರಾಳಿಯ ಮನೆಯ ಗಂಡಸರ ಹೆಸರುಗಳೆಲ್ಲ ಫಿರ್ಯಾದಿಯಲ್ಲಿ ಸಾಲಾಗಿ ಬರುತ್ತವೆ. ಪೇಟೆಗೆ ಹೋಗಿದ್ದ ಅಣ್ಣನೂ ಬರುತ್ತಾನೆ, ಹಾಸಿಗೆ ಹಿಡಿದಿದ್ದ ಚಿಕ್ಕಪ್ಪನೂ ಬರುತ್ತಾನೆ. ನಿಜವಾಗಿ ಹೊಡೆದವನು ಕೆಲವು ಸಲ ಬೇರೊಂದು ವಶೀಲಿಯಿಂದ ಪಟ್ಟಿಯ ಹೊರಗೇ ಉಳಿಯುತ್ತಾನೆ. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ" ಎಂಬಂತೆ ಆಗುವುದು ಇಲ್ಲಿಯೇ. ಸುಳ್ಳು ಹೆಸರುಗಳನ್ನು ಸೇರಿಸುವವರು ತಮ್ಮ ವೈರವನ್ನು ತೀರಿಸಿಕೊಂಡೆವೆಂದು ಹಿಗ್ಗುತ್ತಾರೆ. ಆದರೆ ಐವರ ಹೆಸರು ಹೇಳಿದಲ್ಲಿ ಇಬ್ಬರು ನಿರ್ದೋಷಿಗಳಾಗಿ, ಬೇರೆ ಯಾರೂ ಇದ್ದರೆಂಬ ಸಾಕ್ಷ್ಯವಿಲ್ಲದಿದ್ದರೆ, ಮೂವರ ಕೂಟಕ್ಕೆ ಆ ಕಲಮೇ ಅನ್ವಯಿಸದು. ೧೯೬೨ರ ಮೋಹನಸಿಂಗನ ಪ್ರಕರಣದಲ್ಲಿ ಈ ಮಾತು ಇತ್ಯರ್ಥವಾಗಿದೆ. ಸುಳ್ಳು ಸೇರಿಸಿದವನು ತನ್ನ ಸತ್ಯವನ್ನೂ ಕಳೆದುಕೊಳ್ಳುತ್ತಾನೆ.

ಇನ್ನು ಸಾಕ್ಷ್ಯದ ವಿಷಯ. ಗೈರುಹಾಜರಾದ ಸಂಚುಗಾರನು ಆಡಿದ ಮಾತು, ಬರೆದ ಪತ್ರ, ಇವುಗಳನ್ನು ಹಾಜರಿರುವವನ ಮೇಲೆ ಉಪಯೋಗಿಸಲು ಸಾಕ್ಷ್ಯದ ಕಾಯಿದೆಯ ೧೦ನೆಯ ಕಲಮು ಅವಕಾಶ ಕೊಟ್ಟಿತ್ತು; ಹೊಸ ಸಾಕ್ಷ್ಯ ಅಧಿನಿಯಮದ ೮ನೆಯ ಕಲಮೂ ಹಾಗೆಯೇ ಕೊಡುತ್ತದೆ. ಆದರೆ ೧೯೪೦ರಲ್ಲಿ ಮಿರ್ಜಾ ಅಕ್ಬರನ ಪ್ರಕರಣದಲ್ಲಿ ಪ್ರಿವೀ ಕೌನ್ಸಿಲು ಒಂದು ಗೆರೆಯನ್ನೆಳೆಯಿತು: ಸಂಚು ನಡೆಯುತ್ತಿದ್ದಾಗ ಅದರ ಸಂಬಂಧವಾಗಿ ಆಡಿದ ಮಾತು ಸಲ್ಲುವುದು, ಸಂಚು ಮುಗಿದು, ಸಿಕ್ಕಿಬಿದ್ದ ಮೇಲೆ ಹಿಂದಿನದನ್ನು ಕುರಿತು ಹೇಳಿದ ಕಥೆಯು ಈ ಕಲಮಿನಡಿಯಲ್ಲಿ ಜೊತೆಗಾರನ ಮೇಲೆ ಸಲ್ಲದು. ಈ ಗೆರೆಯು ಉಳಿಯಬೇಕು. ಸಿಕ್ಕಿಬಿದ್ದವನ ನಾಲಗೆಯು ತನ್ನ ಕೊರಳನ್ನು ಉಳಿಸಿಕೊಳ್ಳಲು ಯಾರ ಕೊರಳನ್ನಾದರೂ ಕೊಡುವುದು.

ಮಾಫೀಸಾಕ್ಷಿಯ ಮಾತಿನಲ್ಲಿ ಹೊಸ ಕಾಯಿದೆಯು ಒಂದು ಒಳ್ಳೆಯ ಹೆಜ್ಜೆಯನ್ನಿಟ್ಟಿದೆ. ಸಹಾಪರಾಧಿಯ ಸಾಕ್ಷ್ಯಕ್ಕೆ ಬೇರೆ ಪುಷ್ಟಿ ಇಲ್ಲವೆಂಬ ಕಾರಣಮಾತ್ರದಿಂದ ಶಿಕ್ಷೆಯು ಕಾನೂನುಬಾಹಿರವಾಗದೆಂದು ೧೮೭೨ರ ಕಾಯಿದೆಯ ೧೩೩ನೆಯ ಕಲಮು ಹೇಳುತ್ತಿತ್ತು. ಅದೇ ಕಾಯಿದೆಯ ೧೧೪ನೆಯ ಕಲಮಿನ ದೃಷ್ಟಾಂತವು ಅಂಥ ಸಾಕ್ಷಿಯು ಪುಷ್ಟಿಯಿಲ್ಲದೆ ನಂಬಿಕೆಗೆ ಯೋಗ್ಯನಲ್ಲವೆನ್ನುತ್ತಿತ್ತು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತಿದ್ದ ಈ ಎರಡನ್ನೂ ನ್ಯಾಯಾಧೀಶರು ತಮ್ಮ ವಿವೇಕದಿಂದ ಹೊಂದಿಸಿಕೊಂಡು ಬಂದಿದ್ದರು. ಈಗಿನ ೧೩೮ನೆಯ ಕಲಮು, ಪುಷ್ಟಿಗೊಂಡ ಸಾಕ್ಷ್ಯದ ಮೇಲೆ ನಡೆದ ಶಿಕ್ಷೆಯು ಕಾನೂನುಬಾಹಿರವಲ್ಲವೆಂದು ಮಾತ್ರ ಹೇಳುತ್ತದೆ. ಬದಲಾದುದು ಸ್ವಲ್ಪವೇ ಮಾತು, ಅರ್ಥವು ಸ್ವಲ್ಪವಲ್ಲ. ನ್ಯಾಯಾಲಯಗಳು ಈ ಮಾತನ್ನು ಪೂರ್ಣ ತೂಕದಿಂದ ಓದಬೇಕೆಂದು ನಾವು ಆಶಿಸುತ್ತೇವೆ.

ಇನ್ನೊಂದು ಹೊಸ ಕಲಮಿನ ವಿಷಯದಲ್ಲಿ ನಮಗೆ ಅಷ್ಟು ಸಮಾಧಾನವಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ೩೫೬ನೆಯ ಕಲಮಿನಂತೆ, ಘೋಷಿತನಾದ ಫರಾರಿಯು ಬೇಗನೆ ಸಿಕ್ಕುವ ಸಂಭವವಿಲ್ಲದಿದ್ದರೆ, ಆರೋಪ ರಚಿಸಿದ ೯೦ ದಿನಗಳ ತರುವಾಯ ಅವನ ಗೈರುಹಾಜರಿಯಲ್ಲಿಯೇ ವಿಚಾರಣೆ ನಡೆಸಿ ತೀರ್ಪು ಕೊಡಬಹುದು. ೩೦ ದಿನಗಳ ಅಂತರದಲ್ಲಿ ಎರಡು ವಾರಂಟುಗಳು, ಪತ್ರಿಕೆಯಲ್ಲಿ ಪ್ರಕಟಣೆ, ಸರ್ಕಾರದ ಖರ್ಚಿನಿಂದ ಒಬ್ಬ ವಕೀಲ, ಇವೆಲ್ಲ ಅದರಲ್ಲಿವೆ. ತಪ್ಪಿಸಿಕೊಂಡವನು ನ್ಯಾಯವನ್ನೇ ಕಟ್ಟಿಹಾಕಬಾರದೆಂಬ ಉದ್ದೇಶವನ್ನು ನಾವು ಒಪ್ಪುತ್ತೇವೆ. ಆದರೆ ಕಕ್ಷಿಗಾರನನ್ನೇ ಕಾಣದ ವಕೀಲನು ಏನೆಂದು ಪಾಟೀಸವಾಲು ಮಾಡುವನು? ಲಾಹೋರಿನ ಬರಿದಾದ ಕಟಕಟೆಯನ್ನು ನೆನೆಯುವವರು ಈ ಅಧಿಕಾರವನ್ನು ಅತ್ಯಂತ ವಿರಳವಾಗಿ ಬಳಸಬೇಕೆಂದೇ ಹೇಳುವರು.

ಆರೋಪಿಯೇ ಅಲ್ಲದ ಮೂರನೆಯವನಿಗೂ ಒಂದು ಹಕ್ಕುಂಟು. ಸಿಕ್ಕವನ ತೀರ್ಪಿನಲ್ಲಿ "ಇವನೂ ಇಂಥವನೂ ಸೇರಿ ಕೊಂದರು" ಎಂದು ಬರೆದೊಡನೆ, ಬಾಯಿ ತೆರೆಯಲು ಅವಕಾಶವಿಲ್ಲದವನಿಗೆ ಕೊಲೆಗಡುಕನೆಂಬ ಮುದ್ರೆ ಬೀಳುತ್ತದೆ. ೧೯೬೩ರಲ್ಲಿ ಮಹಮ್ಮದ್ ನಯೀಮನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ತನ್ನ ಮುಂದಿಲ್ಲದವನ ಮೇಲೆ ಮಾತನಾಡುವ ಮೊದಲು ಅವನಿಗೆ ಸಮಜಾಯಿಷಿ ಕೊಡುವ ಅವಕಾಶವಿತ್ತೇ, ಅದಕ್ಕೆ ಸಾಕ್ಷ್ಯವಿದೆಯೇ, ತೀರ್ಪಿಗೆ ಆ ಮಾತು ಅಗತ್ಯವೇ ಎಂಬ ಮೂರನ್ನು ನೋಡಬೇಕೆಂದು ವಿಧಿಸಿತು. ಸಾಕ್ಷ್ಯವು ನಿಜವಾಗಿಯೂ ಬಲವಾಗಿದ್ದರೆ ಬೇರೆ ದಾರಿಯುಂಟು. ಹಳೆಯ ೩೧೯ನೆಯ, ಈಗಿನ ೩೫೮ನೆಯ ಕಲಮಿನಂತೆ ನ್ಯಾಯಾಲಯವೇ ಅವನನ್ನು ಆರೋಪಿಯನ್ನಾಗಿ ಕರೆಸಬಹುದು. ೨೦೧೪ರ ಹರದೀಪಸಿಂಗನ ಪ್ರಕರಣವು ಇದಕ್ಕೆ ಆರೋಪ ರಚನೆಗಿಂತ ಬಲವಾದ ಸಾಕ್ಷ್ಯ ಬೇಕೆಂದಿದೆ. ೨೦೨೨ರ ನಿರ್ಣಯವೊಂದು, ಶಿಕ್ಷೆ ವಿಧಿಸುವ ಮೊದಲೇ ಈ ಅಧಿಕಾರವನ್ನು ಚಲಾಯಿಸಬೇಕೆಂದಿದೆ. "ದೊಡ್ಡವನನ್ನು ಬಿಟ್ಟು ಚಿಕ್ಕವನನ್ನು ಹಿಡಿದರು" ಎಂಬ ಜನರ ಕೂಗಿಗೆ ಕಾಯಿದೆಯಲ್ಲಿರುವ ಸರಿಯಾದ ಔಷಧವು ಇದು. ಚಿಕ್ಕವನನ್ನೂ ಬಿಟ್ಟುಬಿಡುವುದು ಔಷಧವಲ್ಲ.

ಒಟ್ಟಿನಲ್ಲಿ ನಮ್ಮ ಬೇಡಿಕೆಗಳು ಸರಳವಾಗಿವೆ. ಇಲ್ಲದವನ ಕೃತ್ಯವನ್ನು ಇದ್ದವನ ಮೇಲೆ ಹೊರಿಸುವ ತೀರ್ಪು, ಇಬ್ಬರನ್ನೂ ಕಟ್ಟಿದ ಸಂಕಲ್ಪವು ಯಾವ ಸಾಕ್ಷ್ಯದಿಂದ ಸಿದ್ಧವಾಯಿತೆಂಬುದನ್ನು ಬಿಡಿಸಿ ಹೇಳಬೇಕು. "ಜೊತೆಗಿದ್ದನು" ಎಂಬ ಒಂದು ಮಾತಿನಿಂದ ಮುಗಿಸಬಾರದು. ಒಬ್ಬನಿಗೆ ಕ್ಷಮೆ ಕೊಡುವಾಗ ಮ್ಯಾಜಿಸ್ಟ್ರೇಟರು ಕಾರಣಗಳನ್ನು ಬರೆದಿಡಬೇಕೆಂದೂ, ಆರೋಪಿಯು ಕೇಳಿದರೆ ಅದರ ನಕಲನ್ನು ಪುಕ್ಕಟೆಯಾಗಿ ಕೊಡಬೇಕೆಂದೂ ಕಾಯಿದೆಯಿದೆ. ಆ ಕಾರಣಗಳು ಬರಿಯ ಶಾಸ್ತ್ರಕ್ಕಾಗಿ ಬರೆದವುಗಳಾಗಿರಬಾರದು. ಹೆಚ್ಚು ತಪ್ಪಿತಸ್ಥನಿಗೆ ಕ್ಷಮೆ ಕೊಟ್ಟು ಕಡಿಮೆ ತಪ್ಪಿತಸ್ಥನನ್ನು ನೇಣಿಗೆ ಕಳುಹಿಸುವ ವ್ಯಾಪಾರವು ಎಂದಿಗೂ ನಡೆಯಕೂಡದು. ತಲೆಮರೆಸಿಕೊಂಡವನನ್ನು ಹುಡುಕುವ ಕೆಲಸವು ಜೊತೆಗಾರನಿಗೆ ಶಿಕ್ಷೆಯಾದ ದಿನವೇ ನಿಂತುಹೋಗಬಾರದು.

ಕೊನೆಯದಾಗಿ ನಮ್ಮ ವಾಚಕರಿಗೆ ಒಂದು ಮಾತು. ಹಳ್ಳಿಯಲ್ಲಿ ಅರ್ಜಿ ಬರೆಯಿಸಿಕೊಳ್ಳಲು ಜನರು ಮೊದಲು ಬರುವುದು ಶಾಲೆಯ ಮಾಸ್ತರರ ಬಳಿಗೆ. ಪಂಚನಾಮೆಗೆ ರುಜು ಹಾಕಲು ಪೊಲೀಸರು ಕರೆಯುವುದು ಅಕ್ಷರ ಬಲ್ಲ ಗೃಹಸ್ಥರನ್ನು. ಫಿರ್ಯಾದಿಯಲ್ಲಿ ಆರನೆಯ ಹೆಸರನ್ನು ಬರೆಯುವ ಮೊದಲು "ಅವನನ್ನು ನೀನು ಕಣ್ಣಾರೆ ಕಂಡೆಯಾ?" ಎಂದು ಮಾಸ್ತರರು ಒಮ್ಮೆ ಕೇಳಲಿ. ಕಂಡಿದ್ದರೆ, ಅವನು ಎಷ್ಟೇ ದೊಡ್ಡ ಮನೆಯವನಾಗಿದ್ದರೂ, ಆ ಹೆಸರನ್ನು ಬಿಡದೆ ಬರೆಯಲಿ. ಕಾಣದಿದ್ದರೆ ಲೇಖನಿಯನ್ನು ಕೆಳಗಿಡಲಿ. ಕಟಕಟೆಯಲ್ಲಿ ಇರಬೇಕಾದವನು ಹೊರಗುಳಿಯುವುದೂ, ಇರಬಾರದವನು ಒಳಗೆ ನಿಲ್ಲುವುದೂ ಎಷ್ಟೋ ಸಲ ನಿರ್ಧಾರವಾಗುವುದು ಹೈಕೋರ್ಟಿನಲ್ಲಲ್ಲ, ಆ ಮೊದಲ ಕಾಗದದ ಮೇಲೆ.